ಹುಳುಮನೆಯೊಳಗಿನ ಬಾಹ್ಯಾಕಾಶ ನಿಲ್ದಾಣ

ಮುದ್ದೆಗೆ ಹಿಟ್ಟು ಹಾಕಿ ಕೋಲು ಕೈಗೆತ್ತಿಕೊಂಡಿದ್ದೆ. ಆಗಲೇ ಬರಬೇಕಾ ಇವಳು? ಮಗಳು ಅಡುಗೆಮನೆ ಬಾಗಿಲಿಗೆ ಒರಗಿ ನಿಂತು, "ಅಮ್ಮಾ, ಆಕಾಶದಲ್ಲಿ ಜೈಲಿದ್ರೆ ಅದ್ರೊಳಗಿರೋ ಕೈದಿಗೆ ಏನೇನು ಕೊಡ್ಲೇಬೇಕು?" ಎಂದು ಕೇಳಿದಳು.

"ಮೊದ್ಲು ಊಟ ಕೊಡ್ಬೇಕು. ಹೋಗಿ ತಟ್ಟೆ ಇಡು," ಅಂದೆ. ಮುದ್ದೆ ಗಂಟುಕಟ್ಟಿದರೆ ಅತ್ತೆ ಸುಮ್ಮನೆ ಬಿಡುವವರಲ್ಲ.

"ಊಟ ಸರಿ. ಆಮೇಲೆ?"

ಅವಳಾಗ ಒಂಬತ್ತನೇ ತರಗತಿ. ಶಾಲೆಯಲ್ಲಿ ವಿಜ್ಞಾನ ನಾಟಕದ ಸ್ಪರ್ಧೆಗೆ ಹುಡುಗಿಯರ ತಂಡ ಕಟ್ಟಿದ್ದರು. ಈಗ ಬಾಹ್ಯಾಕಾಶ ನಿಲ್ದಾಣದಲ್ಲಿ ನಾಲ್ಕಾರು ವಿಜ್ಞಾನಿಗಳು ಇದ್ದು ಬರುತ್ತಾರೆ, ಮುಂದೊಂದು ಕಾಲಕ್ಕೆ ಒಂದು ಊರಿನಷ್ಟು ಜನ ಅಲ್ಲೇ ಸಂಸಾರ ಹೂಡಬಹುದು. ಊರು ಅಂದ ಮೇಲೆ ತಪ್ಪು ಮಾಡುವವರೂ ಇರುತ್ತಾರೆ. ಅಲ್ಲಿಯ ಕಾನೂನು, ಶಿಕ್ಷೆ, ಜೈಲು ಹೇಗಿರಬೇಕು ಯೋಚಿಸಿ ನಾಟಕ ಮಾಡಿ ಎಂದು ಮೇಷ್ಟ್ರು ಹೇಳಿದ್ದರಂತೆ. ಬರೆಯುವ ಕೆಲಸ ನನ್ನ ಮಗಳ ಪಾಲಿಗೆ ಬಂದಿತ್ತು. ಅದಕ್ಕೇ ಈ ಕೈದಿಯ ವಿಚಾರಣೆ.

ನನಗೂ ಕುತೂಹಲ ಹುಟ್ಟಿತು. ಮುದ್ದೆ ತಿರುವುತ್ತಲೇ ಕೇಳಿದೆ, "ಅಲ್ಲಿ ಸಂಜೆ ದೀಪ ಹಚ್ಬೋದಾ?"

"ಬೆಂಕಿನೇ ಹಚ್ಚಂಗಿಲ್ಲ. ಒಳಗಿರೋ ಗಾಳೀನ ಬೆಂಕಿ ತಿಂದ್ಬಿಡುತ್ತೆ. ಹೊಗೆ ಹೋಗ್ಲಿ ಅಂತ ಕಿಟಕಿ ತೆಗಿಯಂಗೂ ಇಲ್ಲ."

"ಒಂದು ಊದುಬತ್ತಿ?"

"ಅದೂ ಬೆಂಕಿನೇ ಅಲ್ವೇನಮ್ಮ!"

"ಹಂಗಾದ್ರೆ ನಾನು ಬರಲ್ಲಪ್ಪ ನಿಮ್ಮ ಆಕಾಶಕ್ಕೆ. ದೇವರಿಗೆ ಒಂದು ಕಡ್ಡಿ ಹಚ್ಚಕ್ಕಾಗ್ದಿರೋ ಕಡೆ ಏನು ಬಾಳ್ವೆ?"

ಅವಳು ನಗುತ್ತಿದ್ದವಳು ಥಟ್ಟನೆ ನಗು ನಿಲ್ಲಿಸಿದಳು. "ಅಮ್ಮಾ, ಸಿಕ್ತು!" ಅಂದು ಒಳಗೆ ಓಡಿದಳು. ತಟ್ಟೆ ನಾನೇ ಇಟ್ಟುಕೊಂಡೆ.

ಸಿಕ್ಕಿದ್ದು ಏನು ಅಂತ ಮಾರನೇ ದಿನ ಗೊತ್ತಾಯಿತು. ಅವಳ ನಾಟಕದಲ್ಲಿ ಒಬ್ಬಳು ಹೆಂಗಸು ಹೊಸದಾಗಿ ನಿಲ್ದಾಣಕ್ಕೆ ಬರುತ್ತಾಳೆ. ಹಬ್ಬದ ದಿನ ಮನಸ್ಸು ತಡೆಯದೆ ದೇವರ ಪಟದ ಮುಂದೆ ಊದುಬತ್ತಿ ಹಚ್ಚುತ್ತಾಳೆ. ಹೊಗೆ ಹೋಗಿ ಗಾಳಿ ಶುದ್ಧ ಮಾಡುವ ಯಂತ್ರಕ್ಕೆ ತಗುಲಿ ಅದು ಕೆಟ್ಟು ನಿಂತು, ಎಲ್ಲರೂ ಉಣ್ಣಬೇಕಾದ ಸೊಪ್ಪು ತರಕಾರಿಯ ಬೆಳೆಯೆಲ್ಲ ಬಾಡಿಹೋಗುತ್ತದೆ. ಈಗ ಅವಳಿಗೆ ಏನು ಶಿಕ್ಷೆ? ಇದು ಕಥೆ.

ಅವಳು ಓದಿ ಮುಗಿಸುವ ಮುಂಚೆಯೇ ತಡೆದೆ. "ಬೇಡ ಕಣೇ. ಕಳ್ಳತನ ಅಂತ ಮಾಡ್ಕೋ," ಅಂದೆ.

"ಕಳ್ಳತನ ಎಲ್ಲಾರೂ ಮಾಡ್ತಾರಮ್ಮ ನಾಟಕದಲ್ಲಿ," ಅಂದಳು. ಬುದ್ಧಿ ಇಲ್ಲದೆ ಬರೆದಳೋ, ಬುದ್ಧಿ ಇದ್ದೇ ಬರೆದಳೋ ನನಗೆ ಇವತ್ತಿಗೂ ಗೊತ್ತಿಲ್ಲ. ನಾನು ಹೆದರಿದ್ದಕ್ಕೆ ಕಾರಣ ನಮ್ಮ ಮನೆಯೊಳಗೇ ಇತ್ತು.

ನಮ್ಮದು ದೊಡ್ಡಬೆಳವಂಗಲದ ಕಡೆಯ ಹಳ್ಳಿ. ಒಂದೇ ಒಲೆಯ ಸಂಸಾರ: ಅತ್ತೆ, ನಾವು ಗಂಡ ಹೆಂಡತಿ, ಮಗಳು, ಮೈದುನ, ಅವನ ಹೆಂಡತಿ, ಅವರ ಕೈಗೂಸು. ಮೈದುನ ದೊಡ್ಡಬಳ್ಳಾಪುರಕ್ಕೆ ಕಾರ್ಖಾನೆ ಕೆಲಸಕ್ಕೆ ಹೋಗಿ ಬರುತ್ತಾನೆ. ನಮ್ಮನೆಯವರು ಹಿಪ್ಪುನೇರಳೆ ತೋಟ ನೋಡಿಕೊಳ್ಳುತ್ತಾರೆ. ಹಿತ್ತಲಿನಲ್ಲಿ ಹುಳುಮನೆ, ಅಂದರೆ ರೇಷ್ಮೆ ಹುಳು ಸಾಕುವ ಮನೆ. ಅದರ ಯಜಮಾನಿಕೆ ಅತ್ತೆಯದು. ಆವತಿಯಿಂದ ಈ ಮನೆಗೆ ಸೊಸೆಯಾಗಿ ಬಂದ ಕಾಲದಿಂದಲೂ ಅವರದೇ. ಚಪ್ಪಲಿ ಹೊರಗೆ, ಕೈಕಾಲು ತೊಳೆದು ಒಳಗೆ. ಸೆಂಟು, ಪೌಡರು ಮೈಮೇಲಿರಕೂಡದು. ಬೀಡಿ ಸೇದಿ ಬಂದವರಿಗೆ ಬಾಗಿಲಿಲ್ಲ. ಹೊರಗಿನವರು ಇಣುಕಿದರೂ ಅತ್ತೆಯ ಕಣ್ಣು ಕೆಂಪಾಗುತ್ತದೆ. ಹುಳು ವಾಸನೆ ತಡೆಯದ ಜೀವ, ಹಸುಗೂಸಿಗಿಂತ ಕಷ್ಟ ಅನ್ನುತ್ತಾರೆ.

ಓರಗಿತ್ತಿ ಸಮೇತನಹಳ್ಳಿ ಕಡೆಯವಳು. ತವರಿನಲ್ಲಿ ಟೊಮೆಟೊ, ಹೂಕೋಸು ಬೆಳೆಯುತ್ತಾರೆ. ರೇಷ್ಮೆ ಹುಳುವನ್ನು ಅವಳು ನೋಡಿದ್ದೇ ಮದುವೆಯಾದ ಮೇಲೆ. ಬಾಣಂತನ ಮುಗಿಸಿ ಕೂಸನ್ನೆತ್ತಿಕೊಂಡು ಬಂದ ಹೊಸದು. ಆ ಮಳೆಗಾಲ ಸೊಳ್ಳೆಯೋ ಸೊಳ್ಳೆ. ಬೆಳಿಗ್ಗೆ ಎದ್ದರೆ ಕೂಸಿನ ಕೆನ್ನೆ, ಕಾಲು ಎಲ್ಲ ಕೆಂಪು ದದ್ದು. ಅವಳು ಅಂಗಡಿಯಿಂದ ಸೊಳ್ಳೆ ಬತ್ತಿ ತರಿಸಿ ತನ್ನ ಕೋಣೆಯ ಕಿಟಕಿಯಲ್ಲಿ ಹಚ್ಚಿಟ್ಟಳು. ಆ ಕಿಟಕಿ ಇರುವುದು ಹುಳುಮನೆಯ ಮಗ್ಗುಲಿಗೆ.

ಹುಳು ಪೊರೆ ಬಿಡುವ ಮುಂಚೆ ತಿನ್ನದೆ ಮಲಗುತ್ತದೆ, ಅದನ್ನು ನಮ್ಮಲ್ಲಿ ಜ್ವರ ಅನ್ನುತ್ತೇವೆ. ನಾಲ್ಕನೇ ಜ್ವರ ಎದ್ದರೆ ಮುಗಿಯಿತು, ಗಬಗಬ ಸೊಪ್ಪು ಮೇದು ಗೂಡು ಕಟ್ಟುವುದೊಂದೇ ಬಾಕಿ. ಅಂಥ ಹೊತ್ತಿನ ಹುಳು. ಬೆಳಿಗ್ಗೆ ನೋಡಿದರೆ ತಲೆ ಎತ್ತಿ ಎತ್ತಿ ಒದ್ದಾಡುತ್ತಿವೆ, ಹಸಿರು ನೀರು ಕಕ್ಕುತ್ತಿವೆ. ಮಧ್ಯಾಹ್ನಕ್ಕೆ ಬೆಳೆಯೇ ಹೋಯಿತು. ಸೊಳ್ಳೆ ಬತ್ತಿ ಹುಳುವಿಗೆ ವಿಷ ಅಂತ ನಮ್ಮ ಕಡೆಯ ಮಕ್ಕಳಿಗೂ ಗೊತ್ತು. ಎಷ್ಟು ಗೊತ್ತು ಅಂದರೆ, ಅದನ್ನು ಬಾಯಿಬಿಟ್ಟು ಹೇಳಬೇಕು ಅಂತ ಮನೆಯಲ್ಲಿ ಯಾರಿಗೂ ಅನ್ನಿಸಿರಲಿಲ್ಲ.

ಅತ್ತೆ ಕೂಗಾಡಲಿಲ್ಲ. ಕಿಟಕಿಯ ಕಟ್ಟೆಯ ಮೇಲೆ ಸುರುಳಿಯಾಗಿ ಬಿದ್ದಿದ್ದ ಬೂದಿಯನ್ನು ನೋಡಿದರು. ಓರಗಿತ್ತಿ ನನ್ನ ಪಕ್ಕದಲ್ಲೇ ನಿಂತಿದ್ದಳು. ಅತ್ತೆ ನನ್ನ ಕಡೆ ತಿರುಗಿ, "ಇನ್ಮ್ಯಾಕೆ ಹುಳುಮನೆ ಹೊಸ್ತಿಲು ತುಳಿಯೋದು ಬ್ಯಾಡ ಅಂತ ಆಕೆಗೆ ಹೇಳು," ಅಂದರು. ಅವತ್ತಿನಿಂದ ಅವಳ ಜೊತೆ ಮಾತು ಬಿಟ್ಟರು.

ಬೇರೆ ಯಾವುದರಲ್ಲೂ ಕಡಿಮೆ ಮಾಡಲಿಲ್ಲ, ಅದನ್ನೂ ಹೇಳಬೇಕು. ಕೂಸಿಗೆ ಎಣ್ಣೆ ನೀರು ಅವರೇ ಹಾಕುತ್ತಿದ್ದರು. ಬಾಣಂತಿ ಅಂತ ಅವಳ ತಟ್ಟೆಗೆ ತುಪ್ಪ ಬೀಳುತ್ತಿತ್ತು. ಆದರೆ ಎಲ್ಲಾ ನನ್ನ ಮೂಲಕ. "ಆಕೆ ಉಂಡ್ಲಾ ಕೇಳು." "ಆಕೆಗೆ ಬೆಚ್ಚಗೆ ಹೊದ್ಕೊಳಕ್ಕೆ ಹೇಳು." ಆಕೆ ಅಲ್ಲೇ ಎದುರಿಗೆ ಕೂತಿರುತ್ತಿದ್ದಳು. ನಾನು ಮಧ್ಯದಲ್ಲಿ ಪೋಸ್ಟ್‌ಮನ್ನಿನ ಹಾಗೆ.

ಮೊದಮೊದಲು ಅವಳು ಅಳುತ್ತಿದ್ದಳು. ಆಮೇಲೆ ಅಳುವುದೂ ನಿಂತಿತು, ನನಗೆ ಅದೇ ಭಯ. ಒಂದು ದಿನ ಬಟ್ಟೆ ಒಗೆಯುತ್ತಾ, "ಗೌರಿ ಹಬ್ಬಕ್ಕೆ ಅಣ್ಣ ಕರ್ಕೊಂಡೋಗಕ್ಕೆ ಬರ್ತಾನಲ್ಲ ಅಕ್ಕ, ಹೋದೋಳು ಈ ಮನೆಗೆ ತಿರ್ಗಿ ಬರಲ್ಲ," ಅಂದಳು. "ಬೈದ್ರೆ ತಡ್ಕೋಬೋದು. ಎದ್ರಿಗೇ ಇದ್ರೂ ಇಲ್ದೋಳ ಥರ ಇರೋದು ನನ್ನ ಕೈಲಾಗಲ್ಲ." ಮೈದುನ ಆಗಲೇ ದೊಡ್ಡಬಳ್ಳಾಪುರದಲ್ಲಿ ಬಾಡಿಗೆ ಮನೆ ವಿಚಾರಿಸುತ್ತಿದ್ದ. ಅಂದರೆ ಒಲೆ ಎರಡಾಗುತ್ತದೆ. ಕೂಸಿನ ಸದ್ದಿಲ್ಲದ ಮನೆಯನ್ನು ನೆನೆದು ನಾನು ಘಾಟಿ ಸುಬ್ಬಪ್ಪನಿಗೆ ಹರಕೆ ಹೊತ್ತೆ. ಅತ್ತೆಗೆ ಬುದ್ಧಿ ಹೇಳುವಷ್ಟು ದೊಡ್ಡವಳು ನಾನಲ್ಲ. ದೇವರಿಗೆ ಹೇಳಿಕೊಳ್ಳಬಹುದು, ಅದಕ್ಕೆ ಅಡ್ಡಿಯಿಲ್ಲ.

ಇಂಥ ಹೊತ್ತಿನಲ್ಲಿ ಈ ನಾಟಕ.

ಅಭ್ಯಾಸಕ್ಕೆ ಹುಡುಗಿಯರಿಗೆ ಜಾಗ ಬೇಕಾಯಿತು. ಹೊರಗೆ ಮಳೆ. ಹುಳುಮನೆ ತೊಳೆದು, ಬ್ಲೀಚಿಂಗ್ ಪೌಡರ್ ಹಾಕಿ, ಖಾಲಿ ಬಿಟ್ಟಿತ್ತು. ಉದ್ದಕ್ಕೆ ಎರಡು ಸಾಲು ಅಟ್ಟಣಿಗೆ, ಒಂದರ ಮೇಲೊಂದು. "ಅಜ್ಜಿ, ಅದು ನೋಡಕ್ಕೆ ಥೇಟ್ ಬಾಹ್ಯಾಕಾಶ ನಿಲ್ದಾಣನೇ," ಎಂದು ಮಗಳು ದುಂಬಾಲು ಬಿದ್ದಳು. ಅತ್ತೆ ಬಹಳ ಹೊತ್ತು ಬಿಗಿದುಕೊಂಡಿದ್ದು, ಕೊನೆಗೆ ತಮ್ಮ ನಿಯಮಗಳನ್ನೆಲ್ಲ ಒಪ್ಪಿಸಿ ಬಾಗಿಲು ತೆಗೆದರು. ಹುಡುಗಿಯರು ಸಾಲಾಗಿ ನಿಂತು ಕೈಕಾಲು ತೊಳೆದರು. ಅದೇ ನಿಯಮಗಳನ್ನು ಮಗಳು ನಿಲ್ದಾಣದ ಕಾನೂನು ಅಂತ ಬರೆದುಕೊಂಡಳು. ಮುಚ್ಚಿದ ಮನೆಗೆ ಬೇಕಾದ ಕಾನೂನನ್ನು ಬೇರೆ ಎಲ್ಲೂ ಹುಡುಕಬೇಕಾಗಿರಲಿಲ್ಲ.

ಅಟ್ಟಣಿಗೆ ಮುರಿದಾರು ಅಂತ ಅತ್ತೆ ಕಾವಲಿಗೆ ಸ್ಟೂಲು ಹಾಕಿಕೊಂಡು ಕೂತರು. ನಾನು ಅವರ ಪಕ್ಕ ಅಲಸಂದೆಕಾಯಿ ಬಿಡಿಸುತ್ತಾ ಕೂತೆ. ಓರಗಿತ್ತಿಗೆ ಒಳಗೆ ಬರಲು ಅಪ್ಪಣೆಯಿಲ್ಲ. ಹೊರಗೆ ಸೂರಿನ ಕೆಳಗೆ ಕೂಸನ್ನು ತೊಡೆಯ ಮೇಲೆ ಹಾಕಿಕೊಂಡು ಕೂತಿದ್ದಳು. ಬಾಗಿಲಿನಲ್ಲಿ ಅವಳ ಸೀರೆಯ ಅಂಚು ಕಾಣುತ್ತಿತ್ತು. ಹುಡುಗಿಯರು ಅತ್ತೆಯ ಗತ್ತು ನೋಡಿ, "ಅಜ್ಜಿ, ನೀವೇ ನ್ಯಾಯಾಧೀಶ್ರು. ಇವತ್ತಿಗೆ ಮಾತ್ರ," ಅಂದರು. ಅತ್ತೆ ಬೇಡ ಅನ್ನಲಿಲ್ಲ. ಸೆರಗು ಸರಿಮಾಡಿಕೊಂಡರು.

ಕೈದಿ ಪಾತ್ರ ಪಕ್ಕದ ಮನೆಯ ಹುಡುಗಿಯದು. ಅದರ ಬಾಯಿ ಮಲಗಿದಾಗ ಮಾತ್ರ ಮುಚ್ಚುತ್ತದೆ. ಅದನ್ನು ತಂದು ನಡುವೆ ನಿಲ್ಲಿಸಿ, ಊದುಬತ್ತಿ ಹಚ್ಚಿದ ಅಪರಾಧ ಓದಿದರು. ಶಿಕ್ಷೆ ಏನು ಅನ್ನುವುದು ಬರೆದಿರಲಿಲ್ಲ, ಅಲ್ಲೇ ಚರ್ಚೆ.

"ಆಚೆಗೆ ತಳ್ಳಿ," ಅಂದಳು ಒಬ್ಬಳು.

"ಆಚೆ ಗಾಳಿನೇ ಇಲ್ಲ ಕಣೇ, ಸತ್ತೋಗ್ತಾಳೆ. ಊದುಬತ್ತಿಗೆ ಮರಣದಂಡನೆನಾ?" ಅಂದಳು ನನ್ನ ಮಗಳು.

"ಊಟ ಅರ್ಧ ಮಾಡಿ."

"ಗಾಳಿ, ನೀರು, ಊಟ, ಔಷಧಿ ಇವನ್ನ ಯಾರಿಗೂ ಕಡಿಮೆ ಮಾಡಂಗಿಲ್ಲ. ಅದು ಮೊದಲನೇ ಹಕ್ಕು."

"ಭೂಮಿಗೆ ವಾಪಸ್ ಕಳ್ಸಿ."

"ರಾಕೆಟ್ಟು ಬರೋದು ವರ್ಷಕ್ಕೊಂದ್ಸಲ. ಅಲ್ಲೀವರ್ಗೂ ಏನ್ ಮಾಡ್ತೀಯ?"

"ಹಂಗಾದ್ರೆ ರೂಮೊಳಗೆ ಕೂಡಿಹಾಕಿ!"

ಇದಕ್ಕೆ ಅತ್ತೆ ಬಾಯಿ ಹಾಕಿದರು. "ಅಲ್ಲ ಕಣ್ರೇ, ಎಲ್ಲಾರೂ ಒಳಗೇ ಅವ್ರೆ. ಆಚೆಗೆ ಹೋಗೋಕೆ ಯಾರಿಗೂ ಆಗಲ್ಲ. ಅಂದ್ಮ್ಯಾಕೆ ಅವಳೊಬ್ಬಳಿಗೆ ಅದೆಂಥ ಜೈಲು?"

ಹುಡುಗಿಯರು ಮುಖ ಮುಖ ನೋಡಿಕೊಂಡರು. "ನೀವೇ ಹೇಳಿ ಅಜ್ಜಿ, ನೀವೇ ಜಡ್ಜು."

ಅತ್ತೆ ಯೋಚನೆಯನ್ನೂ ಮಾಡಲಿಲ್ಲ. "ಅವಳ ಜತೆ ಯಾರೂ ಮಾತಾಡಬ್ಯಾಡಿ. ಬೆಳೆ ಇರೋ ಕಡೆ ಒಳಕ್ಕೆ ಬಿಡಬ್ಯಾಡಿ. ತಾನಾಗೇ ತಿಳ್ಕಂತಾಳೆ."

ನಾನು ಅಲಸಂದೆಕಾಯಿ ಬಿಡಿಸುವುದನ್ನು ನಿಲ್ಲಿಸಿದೆ. ಬಾಗಿಲಿನ ಸೀರೆ ಅಂಚು ಅಲುಗಲಿಲ್ಲ. ಹುಡುಗಿಯರಿಗೆ ಮಾತ್ರ ಭಾರಿ ಖುಷಿ. "ಸಕ್ಕತ್ತಾಗಿದೆ ಅಜ್ಜಿ!" ಅಂದು ಆಡಿಯೇ ನೋಡಿದರು. ಕೈದಿಯನ್ನು ಅಟ್ಟಣಿಗೆಯ ಕೆಳಗೆ ಕೂರಿಸಿ, ಮಿಕ್ಕವರು ತೇಲುವವರ ಹಾಗೆ ಕೈಯಾಡಿಸುತ್ತಾ ತಮ್ಮ ತಮ್ಮ ಕೆಲಸದ ಮಾತಾಡುತ್ತಾ ಓಡಾಡಿದರು.

"ಲೇ, ನನ್ ಡೈಲಾಗ್ ಎಲ್ಲಿ?" ಅಂದಿತು ಕೈದಿ. ಯಾರೂ ಉತ್ತರ ಕೊಡಲಿಲ್ಲ.

"ನೀರು ಕೊಡ್ರೇ." ಒಬ್ಬಳು ಬಂದು ಲೋಟ ಇಟ್ಟು, ಮುಖ ನೋಡದೆ ತೇಲಿಕೊಂಡು ಹೋದಳು.

"ನಿಜ್ವಾಗ್ಲೂ ಮಾತಾಡಲ್ವೇನ್ರೇ? ಸಾಕು ಕಣ್ರೇ." ಆಗಲೂ ಇಲ್ಲ. ಆ ಹುಡುಗಿ ಸ್ವಲ್ಪ ಹೊತ್ತು ನಕ್ಕಿತು, ಆಮೇಲೆ ನಗು ಹೋಯಿತು, ಆಮೇಲೆ ಎದ್ದು ಬಂದು, "ನಾನಿದನ್ನ ಮಾಡಲ್ಲ. ಬೇರೆ ಯಾರನ್ನಾದ್ರೂ ಹಾಕ್ಕೊಳ್ಳಿ," ಅಂದಿತು. ಕಣ್ಣಲ್ಲಿ ನೀರಿತ್ತು. ಎಲ್ಲರೂ ಕೂಡಿ ಸಮಾಧಾನ ಮಾಡಿದರು. ಮೂಗು ಒರೆಸಿಕೊಂಡ ಮೇಲೆ ಅದು ನೇರ ಅತ್ತೆಯ ಮುಂದೆ ನಿಂತು ಜಗಳಕ್ಕೇ ಇಳಿಯಿತು.

"ಅಲ್ಲ ಅಜ್ಜಿ, ಊದುಬತ್ತಿ ಹಚ್ಬಾರ್ದು ಅಂತ ನಂಗೆ ಯಾರ್ ಹೇಳಿದ್ರು?"

"ಹೇಳೋದೇನೇ ಅದನ್ನ? ಅಷ್ಟೂ ಗೊತ್ತಾಗಲ್ವಾ?"

"ಹೆಂಗ್ ಗೊತ್ತಾಗುತ್ತೆ? ನಾನು ನಿನ್ನೆ ಬಂದೋಳು. ಭೂಮಿ ಮೇಲೆ ದಿನಾ ಹಚ್ತಿದ್ದೆ, ಯಾರೂ ಏನೂ ಅಂತಿರ್ಲಿಲ್ಲ!"

ಅತ್ತೆ ಸ್ಟೂಲನ್ನು ಒಂದಿಷ್ಟು ಹಿಂದಕ್ಕೆ ಎಳೆದುಕೊಂಡರು. ಮಗಳು ಪೆನ್ನು ಹಿಡಿದು ಬಂದಳು. "ಅಜ್ಜಿ, ಎಷ್ಟು ದಿನ ಮಾತಾಡ್ಬಾರ್ದು?"

"ಎಷ್ಟು ದಿನ ಅಂದ್ರೆ?"

"ಶಿಕ್ಷೆ ಅಂದ್ಮೇಲೆ ಇಂಥ ದಿನಕ್ಕೆ ಮುಗಿಯುತ್ತೆ ಅಂತ ಹೇಳ್ಬೇಕು. ಕೈದಿಗೆ ಅದು ಗೊತ್ತಿರ್ಬೇಕು. ಮೇಷ್ಟ್ರೇ ಹೇಳಿದಾರೆ."

ಹೊರಗೆ ಕೂಸು ಏನೋ ಮಾತಾಡಿಕೊಂಡಿತು, ಅವ್ವ ಅವ್ವ ಅನ್ನುವ ಹಾಗೆ. ಅತ್ತೆ ಬಾಗಿಲಿನ ಕಡೆ ನೋಡಿದರು. ಆ ಸೀರೆ ಅಂಚನ್ನು ನೋಡಿಯೇ ನೋಡಿದರು. ನ್ಯಾಯಾಧೀಶರಿಗೆ ಅಷ್ಟು ಹೊತ್ತು ಹಿಡಿದದ್ದು ಅದೇ ಮೊದಲು.

"ಮುಂದ್ಲ ಚಾಕಿ ಬರೋಗಂಟ," ಅಂದರು.

ಹುಡುಗಿಯರು ಗೊಳ್ಳೆಂದರು. "ಆಕಾಶದಲ್ಲಿ ಚಾಕಿ ಎಲ್ಲಿಂದ ಬರುತ್ತೆ ಅಜ್ಜಿ?" ಚಾಕಿ ಅಂದರೆ ಎರಡು ಜ್ವರ ದಾಟಿದ ಮರಿಹುಳು, ಅದನ್ನು ಚಾಕಿ ಕೇಂದ್ರದಿಂದ ತಂದು ನಾವು ಮುಂದಕ್ಕೆ ಸಾಕುತ್ತೇವೆ. ಮಗಳು ನಗಲಿಲ್ಲ. 'ಮುಂದಿನ ಬೆಳೆ ಬರುವವರೆಗೆ' ಎಂದು ಬರೆದುಕೊಂಡಳು.

ಆ ದಿನ ಉಳಿದ ಹಕ್ಕುಗಳೂ ತಯಾರಾದವು. ಹೊಸಬರು ಬಂದ ದಿನವೇ ಅವರನ್ನು ಕೂರಿಸಿ ಕಾನೂನು ಹೇಳಬೇಕು. ಹೇಳದಿದ್ದರೆ ತಪ್ಪಿನಲ್ಲಿ ಅರ್ಧ ಹೇಳದವರದು. ಕೈದಿಯ ಕೋಣೆಗೂ ಭೂಮಿ ಕಾಣುವ ಕಿಟಕಿ ಇರಬೇಕು. ಇದನ್ನು ಸೇರಿಸಿದ್ದು ಪಕ್ಕದ ಮನೆ ಹುಡುಗಿ, "ನಮ್ಮೂರು ಕಾಣ್ಬೇಕಪ್ಪ ನಂಗೆ" ಅಂತ. ಕೈದಿಯ ತಪ್ಪಿಲ್ಲದೆ ಶಿಕ್ಷೆ ಉದ್ದವಾದರೆ ನ್ಯಾಯಾಧೀಶರ ಹತ್ತಿರ ಅರ್ಜಿ ಕೊಡಬಹುದು. ದೀಪವಿಲ್ಲದಿದ್ದರೂ ದೇವರ ಪಟ ಇಟ್ಟುಕೊಂಡು ಕೈಮುಗಿಯಬಹುದು. "ಇದು ನಿಂಗೋಸ್ಕರ," ಅಂದಳು ಮಗಳು ನನಗೆ. ಹಾಗಾದರೆ ಆಕಾಶಕ್ಕೆ ಬರುವ ವಿಚಾರ ಮತ್ತೆ ಮಾಡಬಹುದು ಅಂದೆ.

ಸಂಜೆ ಓರಗಿತ್ತಿ ಒಲೆಯ ಹತ್ತಿರ ಬಂದು ಮೆಲ್ಲಗೆ ಕೇಳಿದಳು, "ಅಕ್ಕ, ಚಾಕಿ ಯಾವಾಗ ಬರ್ತದೆ?" ಎಷ್ಟೋ ದಿನಗಳ ಮೇಲೆ ಅವಳು ಹುಳುವಿನ ಮಾತೆತ್ತಿದ್ದಳು. "ಇನ್ನೇನು, ಬರೋ ವಾರ," ಅಂದೆ. ದೇವರ ಮುಂದೆ ದೀಪ ಹಚ್ಚುವಾಗ ಇದನ್ನೂ ಲೆಕ್ಕಕ್ಕೆ ಸೇರಿಸಿ ಕೈಮುಗಿದೆ. ಶಿಕ್ಷೆಗೆ ಒಂದು ಕೊನೆ ಸಿಕ್ಕಿದ್ದೂ ದೊಡ್ಡ ಉಪಕಾರವೇ.

ಆದರೆ ಬರೋ ವಾರ ಚಾಕಿ ಬರಲಿಲ್ಲ. ತೋಟಕ್ಕೆ ನುಸಿ ಬಿದ್ದು ಎಲೆಯೆಲ್ಲ ಮುರುಟಿಕೊಂಡಿತು. ನಮ್ಮನೆಯವರು ಔಷಧಿ ಹೊಡೆದರು. ಔಷಧಿ ಹೊಡೆದ ಸೊಪ್ಪನ್ನು ಸುಮಾರು ದಿನ ಹುಳುವಿಗೆ ಹಾಕುವ ಹಾಗಿಲ್ಲ. "ಇನ್ನು ಹಬ್ಬ ಆದ್ಮೇಲೇ ಬೆಳೆ," ಅಂದುಬಿಟ್ಟರು. ಹಬ್ಬ ಆದ ಮೇಲೆ ಓರಗಿತ್ತಿ ಇರುವುದಿಲ್ಲ. ಇದು ನನಗೆ ಗೊತ್ತು, ಅವಳಿಗೆ ಗೊತ್ತು. ಅತ್ತೆಗೆ ಗೊತ್ತಿತ್ತೋ ಇಲ್ಲವೋ.

ಮಧ್ಯದಲ್ಲಿ ಸ್ಪರ್ಧೆ ಬಂತು. ದೊಡ್ಡಬಳ್ಳಾಪುರಕ್ಕೆ ಮನೆಮಂದಿಯೆಲ್ಲ ಬಸ್ಸಿನಲ್ಲಿ ಹೋದೆವು. ಅತ್ತೆ ರೇಷ್ಮೆ ಸೀರೆ ಉಟ್ಟು, ಕೂಸನ್ನು ತಾವೇ ಎತ್ತಿಕೊಂಡು ಮುಂದಿನ ಸಾಲಿನಲ್ಲಿ ಕೂತರು. ಒಂದು ಕುರ್ಚಿ ಬಿಟ್ಟು ಓರಗಿತ್ತಿ. ನಡುವಿನ ಕುರ್ಚಿ ಎಂದಿನ ಹಾಗೆ ನನಗೆ. "ಆಕೆಗೆ ಬಾಟ್ಲಿ ಕೊಡು, ನೀರು ಕುಡೀಲಿ," ಅಂದರು ಅತ್ತೆ. ಚಾಕಿ ಬರುವವರೆಗೆ ಅಂದಿದ್ದಾರೆ ಅಂದರೆ ಬರುವವರೆಗೆ. ಹಟವೋ ನಿಯಮವೋ, ಆ ಹೆಂಗಸು ಎರಡರಲ್ಲೂ ಗಟ್ಟಿ.

ನಾಟಕ ಚೆನ್ನಾಗಿ ಆಯಿತು. ಕೈದಿ ಬಿಡುಗಡೆಯಾಗುವಾಗ ಪಕ್ಕದ ಮನೆ ಹುಡುಗಿ ಸಂತೋಷಕ್ಕೆ ಬರೆಯದೇ ಇದ್ದ ಮಾತುಗಳನ್ನೂ ಸೇರಿಸಿ ಹೇಳಿ, ಪರದೆ ಎಳೆಯುವವರೆಗೂ ನಿಲ್ಲಿಸಲಿಲ್ಲ. ತೀರ್ಪುಗಾರರಲ್ಲಿ ಒಬ್ಬರು, "ಇದರಲ್ಲಿ ಕಾನೂನು ಇದೆ, ವಿಜ್ಞಾನ ಎಲ್ಲಿದೆ?" ಎಂದು ಕೇಳಿದರು. ಮಗಳು ಮೈಕು ಹಿಡಿದು, ಮುಚ್ಚಿದ ಗಾಳಿಯಲ್ಲಿ ಬೆಂಕಿ ಏನು ಮಾಡುತ್ತದೆ, ಹೊಗೆ ಯಾಕೆ ಮೇಲಕ್ಕೆ ಹೋಗುವುದಿಲ್ಲ ಎಲ್ಲ ಹೇಳಿದಳು. ತೂಕವಿಲ್ಲದ ಕಡೆ ದೀಪದ ಕುಡಿ ಮೇಲಕ್ಕೆ ಚೂಪಾಗದೆ ಮುತ್ತಿನ ಹಾಗೆ ಗುಂಡಗೆ ಉರಿಯುತ್ತದಂತೆ. ಅದನ್ನು ಕೇಳಿ ಕೂತಲ್ಲೇ ಕೈಮುಗಿದೆ. ಭಗವಂತ ಅಲ್ಲಿಗೂ ಒಂದು ಬೇರೆ ಥರದ ದೀಪ ಇಟ್ಟಿದ್ದಾನೆ, ಹಚ್ಚುವ ಹಾಗಿಲ್ಲ ಅಷ್ಟೆ. ಎರಡನೇ ಬಹುಮಾನ ಬಂತು. ಹುಡುಗಿಯರು ಸಂತೋಷವಾಗೇ ಇದ್ದರು. ಮೊದಲನೆಯದು ಪ್ಲಾಸ್ಟಿಕ್ಕಿನ ಮೇಲೆ ನಾಟಕ ಮಾಡಿದವರಿಗೆ ಹೋಯಿತು.

ಹಬ್ಬ ಹತ್ತಿರ ಬಂತು. ಓರಗಿತ್ತಿ ಕೂಸಿನ ಬಟ್ಟೆಗಳನ್ನೆಲ್ಲ ಒಗೆದು ಮಡಿಸಿ ಬ್ಯಾಗಿಗೆ ತುಂಬತೊಡಗಿದಳು. ನಾಲ್ಕು ದಿನದ ಹಬ್ಬಕ್ಕೆ ಚಳಿಗಾಲದ ಟೋಪಿ ಯಾರೂ ತುಂಬುವುದಿಲ್ಲ. ನಾನು ನೋಡಿದೆ, ಮಗಳೂ ನೋಡಿದಳು.

ಆ ಮಧ್ಯಾಹ್ನ ಎಲ್ಲರೂ ಊಟಕ್ಕೆ ಕೂತಿದ್ದೆವು. ಮಗಳು ತಟ್ಟೆಯ ಮುಂದೆ ನೆಟ್ಟಗೆ ಕೂತು, "ಅಜ್ಜಿ, ಒಂದು ಅರ್ಜಿ ಇದೆ," ಅಂದಳು.

"ನಾಟಕ ಮುಗೀತಲ್ಲೇ."

"ಕೈದಿ ತಪ್ಪಿಲ್ದೆ ಶಿಕ್ಷೆ ಉದ್ದ ಆದ್ರೆ ಜಡ್ಜ್ ಹತ್ರ ಹೋಗ್ಬೋದು. ನೀವೇ ಕೂತಿದ್ರಿ ಅವತ್ತು. ತೋಟಕ್ಕೆ ನುಸಿ ಬಿದ್ದಿದ್ದು ಕೈದಿ ತಪ್ಪಾ?"

"ಯಾವ ಕೈದಿನೇ?" ಅಂದರು ನಮ್ಮನೆಯವರು. ಗಂಡಸರಿಗೆ ಎಲ್ಲಾ ಬಿಡಿಸಿ ಹೇಳಬೇಕು. ನಾನು ಕಣ್ಣು ಬಿಟ್ಟೆ, ಅವರು ಸಾರಿಗೆ ಕೈ ಹಾಕಿದರು. ಓರಗಿತ್ತಿ ತಲೆ ತಗ್ಗಿಸಿ ತಟ್ಟೆಯ ಅಂಚನ್ನು ಬೆರಳಿನಿಂದ ತಿಕ್ಕುತ್ತಿದ್ದಳು. ಮೈದುನ ನೀರು ಕುಡಿಯುವ ನೆಪದಲ್ಲಿ ಲೋಟವನ್ನು ಮುಖದಿಂದ ಇಳಿಸಲೇ ಇಲ್ಲ. ಅತ್ತೆ ಮುದ್ದೆ ಮುರಿದು, ಸಾರಿನಲ್ಲಿ ಅದ್ದಿ, ನುಂಗಿ, ಕೈ ತೊಳೆದು ಎದ್ದು ಹೋದರು. ಮಗಳ ಕಣ್ಣು ತುಂಬಿತು. "ನೀನು ಹೆಚ್ಚು ಮಾತಾಡ್ಬಿಟ್ಟೆ ಕಣೇ," ಅಂತ ನಾನು ಅವಳನ್ನೇ ಗದರಿದೆ.

ಮಾರನೇ ಬೆಳಿಗ್ಗೆ ಅತ್ತೆ ಹುಳುಮನೆಯ ಹಿಂದಕ್ಕೆ ಹೋಗುವುದನ್ನು ಕಂಡೆ. ಅಲ್ಲಿ ಹಿಪ್ಪುನೇರಳೆಯ ಸಣ್ಣ ಪಟ್ಟಿಯೊಂದಿದೆ. ಹುಳುಮನೆಗೆ ತೀರಾ ಹತ್ತಿರ ಅಂತ ಅದಕ್ಕೆ ಔಷಧಿ ಹೊಡೆದಿರಲಿಲ್ಲ. ಎಲೆಗಳನ್ನು ಬೆರಳಿನಲ್ಲಿ ಹಿಡಿದು ಹಿಡಿದು ನೋಡಿ ಬಂದರು. ಬಂದವರೇ ನಮ್ಮನೆಯವರಿಗೆ, "ಹೋಗಿ ಚಾಕಿ ತಗಂಬಾ," ಅಂದರು.

"ಸೊಪ್ಪೆಲ್ಲೈತೆ ಅವ್ವ?"

"ಹಿಂದ್ಲ ಪಟ್ಟಿಲೈತೆ."

"ಅದು ಒಂದು ಹಿಡಿ ಹುಳಕ್ಕೆ ಆಗ್ಬೋದು ಅಷ್ಟೆ."

"ಒಂದು ಹಿಡಿನೇ ತಾ."

"ಒಂದು ಹಿಡಿ ಕೊಡ್ರಪ್ಪ ಅಂದ್ರೆ ಅಲ್ಲಿರೋರು ನಗ್ತಾರೆ. ಅಷ್ಟಕ್ಕೆ ಇಷ್ಟು ದೊಡ್ಡ ಮನೆಗೆ ಕಾವು ಕೊಟ್ಕೊಂಡು ಕೂರ್ಬೇಕಾ? ಹಬ್ಬ ಆಗ್ಲಿ ಬಿಡು."

"ನಗ್ಲಿ. ನೀನೂ ಅವ್ರ ಜತೆ ನಕ್ಕೊಂಡೇ ತಗಂಬಾ. ಹಬ್ಬಕ್ಕೆ ಮುಂಚೆ ಚಾಕಿ ಬರ್ಬೇಕು."

ಅವರು ಗೊಣಗುತ್ತಾ ಗಾಡಿ ಸ್ಟಾರ್ಟ್ ಮಾಡಿದರು. ನಾನು ಒಳಗೆ ಹೋಗಿ ದೇವರ ಗೂಡಿನ ಮುಂದೆ ಒಂದು ಗಳಿಗೆ ನಿಂತೆ. ಹುಳು ಸಾಕಿ ಬದುಕಿದ ಹೆಂಗಸು, ಲಾಭವಿಲ್ಲದ ಬೆಳೆಯೊಂದನ್ನು ತಿಳಿದೂ ತಿಳಿದೂ ತರಿಸುತ್ತಿದ್ದರು. ಆಡಿದ ಮಾತನ್ನು ಹಿಂದಕ್ಕೆ ತೆಗೆದುಕೊಳ್ಳುವುದು ಅವರ ಜಾಯಮಾನವಲ್ಲ. ಮಾತು ಉಳಿಯಬೇಕು, ಸೊಸೆಯೂ ಉಳಿಯಬೇಕು. ಅದಕ್ಕೆ ಅವರಿಗೆ ಹೊಳೆದ ದಾರಿ ಇದು.

ಚಾಕಿ ಬಂತು. ಇಷ್ಟೇ ಇಷ್ಟು, ಒಂದು ತಟ್ಟೆಯಲ್ಲಿ ಹಿಡಿಯುವಷ್ಟು. ಹುಳುಮನೆ ಬಾಗಿಲಿಗೆ ಅರಿಸಿನ ಕುಂಕುಮ ಇಟ್ಟು ಪೂಜೆ ಮಾಡಿದೆವು. ಅತ್ತೆಯದು ಹಳೆಯ ಪದ್ಧತಿ, ಮೊದಲ ದಿನ ಮರಿಗೆ ಎಳೆ ಸೊಪ್ಪನ್ನು ಸಣ್ಣಗೆ ಹೆಚ್ಚಿಯೇ ಹಾಕಬೇಕು. ಓರಗಿತ್ತಿ ಸೂರಿನ ಕೆಳಗೆ ನಿಂತಿದ್ದಳು, ಕೂಸು ಕಂಕುಳಲ್ಲಿ. ಅತ್ತೆ ಒಳಗಿನಿಂದ ಬಂದು, ಕೂಸನ್ನು ಎತ್ತಿಕೊಂಡು, ಹೊಸ್ತಿಲ ಹತ್ತಿರ ಮಣೆ, ಕುಡುಗೋಲು, ಸೊಪ್ಪಿನ ಕಟ್ಟು ಇಟ್ಟರು. ಓರಗಿತ್ತಿ ನನ್ನ ಮುಖ ನೋಡಿದಳು. ನಾನು ಹೂಂ ಅಂದೆ. ಅವಳು ಕೈಕಾಲು ತೊಳೆದು ಬಂದು, ಒಳಗೆ ಕೂತು ಹೆಚ್ಚತೊಡಗಿದಳು.

ಅತ್ತೆ ಸ್ವಲ್ಪ ಹೊತ್ತು ನೋಡಿದರು. ಆಮೇಲೆ ಶುರುವಾಯಿತು.

"ಹಿಂಗೇನೇ ಹೆಚ್ಚೋದು? ದನಕ್ಕೆ ಹಾಕ್ತೀಯೋ, ಮರಿಗೆ ಹಾಕ್ತೀಯೋ? ಇಷ್ಟು ದಪ್ಪ ಮಾಡಿದ್ರೆ ಅವು ಬಾಯಿಗೆ ಹೆಂಗ್ ಹಿಡಿಬೇಕು? ನಿಮ್ಮೂರಲ್ಲಿ ಕೋಸು ಹೆಚ್ಚೋ ಥರ ಇಲ್ಲಿ ಹೆಚ್ಬೇಡ. ಇಲ್ನೋಡು, ಕಟ್ಟು ಹಿಂಗ್ ಹಿಡಿ. ಈ ಮನೆಗೆ ಏನೇನು ತರಬಾರ್ದು, ಎಲ್ಲಾ ಹೇಳ್ತೀನಿ, ಕೇಳಿಸ್ಕೋ. ಆಮ್ಯಾಕೆ ಯಾರೂ ಹೇಳ್ಲಿಲ್ಲ ಅನ್ಬೇಡ."

ಓರಗಿತ್ತಿ "ಹೂಂ ಅತ್ತೆ, ಹೂಂ ಅತ್ತೆ" ಅನ್ನುತ್ತಾ ಹೆಚ್ಚಿದಳು. ಕಣ್ಣೀರು ಸೊಪ್ಪಿನ ಮೇಲೆ ಬೀಳುವುದನ್ನು ಅತ್ತೆ ಕಂಡು, ಒದ್ದೆ ಸೊಪ್ಪು ಹುಳುವಿಗೆ ಆಗದು ಅಂತ ಅದಕ್ಕೂ ಬೈದರು. ನಾನು ಪೋಸ್ಟ್‌ಮನ್ ಕೆಲಸ ಬಿಟ್ಟು ಅಡುಗೆಮನೆಗೆ ಹೋಗಿ, ಯಾರೂ ಕೇಳದಿದ್ದರೂ ಪಾಯಸಕ್ಕೆ ಬೆಲ್ಲ ಕುಟ್ಟಿದೆ.

ಹೇಳಿದ ದಿನಕ್ಕೆ ಅವಳ ಅಣ್ಣ ಸಮೇತನಹಳ್ಳಿಯಿಂದ ಬಂದ. ಬ್ಯಾಗು ಮೊದಲಿಗಿಂತ ಸಣ್ಣದಾಗಿತ್ತು. ಅವಳು ಅವನಿಗೆ ನೀರು ಕೊಡುತ್ತಲೇ, "ಅಣ್ಣ, ಹಬ್ಬ ಮುಗಿಸ್ಕೊಂಡು ಮಾರ್ನೇ ದಿನವೇ ನನ್ನ ತಂದು ಬಿಡ್ಬೇಕು. ಹುಳ ಮೂರನೇ ಜ್ವರಕ್ಕೆ ಹೋಗ್ತವೆ, ಅತ್ತೆ ಒಬ್ರೇ ಆಗ್ತಾರೆ," ಅಂದಳು. ಅವನು ಕಣ್ಣರಳಿಸಿ ತಂಗಿಯನ್ನೇ ನೋಡಿದ. ಅಷ್ಟರಲ್ಲಿ ಹುಳುಮನೆಯಿಂದ ಅತ್ತೆಯ ಕೂಗು ಬಂತು: "ಏಯ್, ಮಾತಾಡ್ಕಂಡು ನಿಂತ್ಕಂಡ್ಯಾ? ಸೊಪ್ಪು ಬಾಡ್ತದೆ ಬಾರೇ! ಹೋಗೋಕೆ ಮುಂಚೆ ಒಂದ್ಸಲ ಮೇವು ಹಾಕಿ ಹೋಗು!"

ಅಣ್ಣ ದನಿ ತಗ್ಗಿಸಿ, "ಯಾವಾಗ್ಲೂ ಹಿಂಗೇ ಬೈತಾರೇನಮ್ಮ ನಿನ್ನ?" ಅಂತ ಕೇಳಿದ.

"ಹೂಂ ಅಣ್ಣ, ಬೈತಾರೆ," ಅಂದು ಅವಳು ಸೆರಗು ಸಿಕ್ಕಿಸಿಕೊಂಡು ಹುಳುಮನೆಯ ಕಡೆ ಓಡಿದಳು.